ಒಂದೇ ಬಣ್ಣದ ಎರಡು ಕಾರು

ಮೊದಲ ಎರಡು ನಿಮಿಷ ಅವಳಿಗೆ ತಾನು ಹುಟ್ಟಾ ಡ್ರೈವರ್ ಎಂದೇ ಅನ್ನಿಸಿತ್ತು.

ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಎಂದೋ ಬಾಗಿಲು ಮುಚ್ಚಿದ ರಟ್ಟಿನ ಡಬ್ಬಿ ಕಾರ್ಖಾನೆಯ ಮುಂದಿನ ಪಾರ್ಕಿಂಗ್ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ತಿರುವುಗಳಿಗೆ ಹಳೇ ಟೈರುಗಳನ್ನಿಟ್ಟು ಪುಟ್ಟದೊಂದು ರೇಸ್ ಟ್ರ್ಯಾಕ್ ಮಾಡಿದ್ದರು. ಸುತ್ತ ಹತ್ತು ಹನ್ನೆರಡು ಜನ. ಎಲ್ಲರೂ ದೊಡ್ಡವರೇ. ಕೈಯಲ್ಲಿ ರಿಮೋಟ್ ಹಿಡಿದು, ಏನೋ ಭಾರೀ ಆಪರೇಷನ್ ನಡೆಸುತ್ತಿರುವವರಂತೆ ಮುಖ ಮಾಡಿಕೊಂಡು ನಿಂತಿದ್ದರು. ಅವಳು ತನ್ನ ಕಾರನ್ನು ನೆಲಕ್ಕಿಟ್ಟಳು. ಅಷ್ಟರಲ್ಲಿ ಸೂಚನೆಯ ಕಾಗದ ಗಾಳಿಗೆ ಹಾರಿತು. ಅದನ್ನು ಹಿಡಿಯಲು ಓಡಿ, ಹಿಡಿದು, ತಿರುಗಿ ನೋಡಿದರೆ ಕಾರು ಗೆರೆಯ ಅಂಚಿನಲ್ಲಿ ಸಜ್ಜಾಗಿ ನಿಂತಿತ್ತು. ಮೊಳದುದ್ದದ ಕಡುನೀಲಿ ಕಾರು. ಹಳೇ ಕಾಲದ ಸ್ಪೋರ್ಟ್ಸ್ ಸಲೂನ್ ಕಾರಿನ ತದ್ರೂಪ: ನಾಲ್ಕು ಬಾಗಿಲು, ಚೌಕ ಮೈಕಟ್ಟು, ಎದುರಿಗೆ ಅಗಲವಾಗಿ ತೆರೆದ ನಾಲ್ಕು ದುಂಡು ದೀಪ.

ಅವಳು ಟ್ರಿಗರ್ ಒತ್ತಿದಳು. ಕಾರು ಹೊರಟಿತು. ರಿಮೋಟಿನ ಪುಟ್ಟ ಚಕ್ರವನ್ನು ಎಡಕ್ಕೆ ತಿರುಗಿಸಿದಳು, ಎಡಕ್ಕೆ ಹೊರಳಿತು. ಬಲಕ್ಕೆ ತಿರುಗಿಸಿದಳು, ಬಲಕ್ಕೆ. ಟೈರಿನ ತಿರುವನ್ನು ಬೆಣ್ಣೆಯಲ್ಲಿ ಚಾಕು ಆಡಿದಂತೆ ಸುತ್ತಿ ಬಂತು.

"ಅಯ್ಯೋ, ಇಷ್ಟೇನಾ!" ಎಂದು ಜೋರಾಗಿಯೇ ಅಂದುಬಿಟ್ಟಳು. ಖುಷಿಗೆ ಒಂದು ಹೆಜ್ಜೆ ಹಿಂದೆ ಇಟ್ಟಳು. ಹಿಮ್ಮಡಿಗೆ ಏನೋ ತಗುಲಿತು. ಬಗ್ಗಿ ನೋಡಿದಳು.

ಕಡುನೀಲಿ ಸಲೂನ್. ನಾಲ್ಕು ದುಂಡು ದೀಪ. ಅವಳದೇ ಕಾರು, ಇಟ್ಟ ಕಡೆಯೇ ಇತ್ತು.

ಮುಂದೆ ಓಡುತ್ತಿದ್ದ ಕಾರು ಮೆಲ್ಲಗೆ ಬಂದು ಅವಳ ಕಾಲ ಬಳಿ, ತನ್ನ ಜೋಡಿಯ ಪಕ್ಕದಲ್ಲಿ ನಿಂತಿತು. ಅದರ ಹಿಂದೆಯೇ ಎತ್ತರದ ಒಬ್ಬ ಮನುಷ್ಯ ಬಂದ. ಬೂದು ಬಣ್ಣದ ಶರ್ಟು, ಉಗುರಿನ ಸಂದಿಯಲ್ಲಿ ಹೋಗದ ಗ್ರೀಸು, ನಗು ತಡೆದು ತಡೆದು ಕೆಂಪಾದ ಮುಖ.

"ಇದು ನಂದು," ಎಂದ. "ನಿಮ್ಮದಕ್ಕೆ ನೀವಿನ್ನೂ ಸ್ವಿಚ್ ಹಾಕಿಲ್ಲ."

"ಮತ್ತೆ... ನಾನು ತಿರುಗಿಸಿದ ಹಾಗೇ ತಿರುಗ್ತಿತ್ತಲ್ಲ?"

"ನಿಮ್ಮ ಕೈ ನೋಡ್ಕೊಂಡು ನಾನು ತಿರುಗಿಸ್ತಿದ್ದೆ."

"ಯಾಕೆ?"

ಅವನು ಬಗ್ಗಿ ತನ್ನ ಕಾರು ಎತ್ತಿಕೊಂಡ. "ಅಷ್ಟು ಖುಷಿಯಾಗಿದ್ರಲ್ಲ. ಹಾಳು ಮಾಡೋಕೆ ಮನಸ್ಸು ಬರಲಿಲ್ಲ."

ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಅವಳು ಬೆಪ್ಪಾಗಿ ನಿಂತಳು. ಆಮೇಲೆ ನಕ್ಕಳು. ಬಹಳ ದಿನದಿಂದ ನಗದೆ ಇದ್ದವರ ನಗು ಹಾಗಿರುತ್ತದೆ, ಶುರುವಾದರೆ ನಿಲ್ಲುವುದಿಲ್ಲ. ಅವನೂ ಸೇರಿಕೊಂಡ. ಸ್ಟಾಪ್‌ವಾಚ್ ಹಿಡಿದು ಕುರ್ಚಿಯಲ್ಲಿ ಕೂತಿದ್ದ ಟೈಲರಮ್ಮ, ಆ ಗುಂಪಿಗೆಲ್ಲ ಆಕೆಯೇ ಯಜಮಾನಿ, ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿ, "ನಿನ್ನ ಕಾರಿನ ಡಬ್ಬದ ಮೇಲೆ ಏನಮ್ಮಾ ಬರೆದಿದೆ, ಸ್ಪೋರ್ಟ್ಸ್ ಸಲೂನಾ? ಓಡಿಸೋದಕ್ಕೋ, ಕಟಿಂಗ್ ಮಾಡಿಸ್ಕೊಳ್ಳೋದಕ್ಕೋ?" ಎಂದು ಕೇಳಿದರು.

*

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ವಯಸ್ಸು ಮೂವತ್ತಾರು. ಮನೆಯಲ್ಲಿ ಅವಳು ಮತ್ತು ಅಪ್ಪ, ಇಬ್ಬರೇ.

ಅಪ್ಪ ನಲವತ್ತು ವರ್ಷ ಡ್ರೈವಿಂಗ್ ಕಲಿಸಿದವರು. ಊರಿನ ಅರ್ಧ ಜನ ಅವರ ಬೈಗುಳ ತಿಂದೇ ಗಿಯರ್ ಹಾಕಲು ಕಲಿತದ್ದು. ದಾರಿಯಲ್ಲಿ ಸಿಕ್ಕಿದವರೆಲ್ಲ ಈಗಲೂ "ಮೇಷ್ಟ್ರೇ" ಎಂದು ನಿಲ್ಲುತ್ತಿದ್ದರು. ಪಾಠಕ್ಕೆ ಪುಟ್ಟ ಬಿಳಿ ಕಾರು, ಆದರೆ ಸ್ವಂತಕ್ಕೆ ಅವರಿಗೆ ಒಂದೇ ಒಂದು ಮೋಹವಿತ್ತು. ಹಳೆಯ ಕಡುನೀಲಿ ಸ್ಪೋರ್ಟ್ಸ್ ಸಲೂನ್. ಅಮ್ಮ ಹೋದ ಮೇಲೆ ಭಾನುವಾರಗಳಲ್ಲಿ ಅದನ್ನು ಒರೆಸುವುದು, ಅದರಲ್ಲಿ ಒಂದು ಸುತ್ತು ಹೋಗಿಬರುವುದು, ಇಷ್ಟೇ ಅವರ ಬದುಕಿನ ಸಂಭ್ರಮ.

ಒಂದು ದಿನ ಅವರು ರಸ್ತೆ ಬದಿ ನಿಂತಿದ್ದ ವ್ಯಾನಿಗೆ ಕಾರು ಉಜ್ಜಿಕೊಂಡು ಬಂದರು. "ಬಿಸಿಲು ಕಣ್ಣಿಗೆ ಹೊಡೀತು," ಎಂದರು. ಮಾರನೆಯ ದಿನ ಅವಳು ಅಪ್ಪನನ್ನು ಅಂಗಡಿಗೆ ಕರೆದೊಯ್ದು ತಾನೇ ಪರೀಕ್ಷೆ ಮಾಡಿದಳು. ನೇರ ಎದುರಿಗಿದ್ದ ಅತಿ ಸಣ್ಣ ಅಕ್ಷರವನ್ನೂ ಅಪ್ಪ ಗಡಗಡನೆ ಓದಿದರು. ಆದರೆ ಪಕ್ಕದಲ್ಲಿ ಮಿನುಗಿದ ಚುಕ್ಕೆಗಳಲ್ಲಿ ಒಂದೂ ಅವರಿಗೆ ಕಾಣಲಿಲ್ಲ. ಕಣ್ಣಿನ ಒತ್ತಡ ಸದ್ದಿಲ್ಲದೆ ಎರಡೂ ಬದಿಯ ನೋಟವನ್ನು ತಿಂದುಹಾಕಿತ್ತು. ಕೊಳವೆಯಲ್ಲಿ ಇಣುಕಿದಷ್ಟು ಜಗತ್ತು ಮಾತ್ರ ಉಳಿದಿತ್ತು.

ಲೈಸೆನ್ಸ್ ಕಚೇರಿಗೆ ವರದಿ ಬರೆಯಬೇಕಾದವಳೂ ಅವಳೇ. ಆದರೂ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಲೈಸೆನ್ಸ್ ಹೋಯಿತು. ಅಪ್ಪ ಮರುವಾರವೇ ನೀಲಿ ಕಾರನ್ನು ಯಾರಿಗೋ ಕೊಟ್ಟುಬಿಟ್ಟರು. ಆವತ್ತಿನಿಂದ ಮಗಳೊಡನೆ "ಊಟ ಆಯ್ತು", "ಬಾಗಿಲು ಹಾಕ್ಕೊ" ಇಷ್ಟು ಬಿಟ್ಟರೆ ತುಟಿ ಪಿಟಕ್ಕೆನ್ನಲಿಲ್ಲ. ಫೋನಿನಲ್ಲಿ ಯಾರಿಗೋ ಹೇಳುವುದು ಮಾತ್ರ ಒಮ್ಮೆ ಅವಳ ಕಿವಿಗೆ ಬಿತ್ತು: "ಬೇರೆ ಯಾರೂ ಅಲ್ಲ, ನನ್ನ ಮಗಳೇ ಕಿತ್ಕೊಂಡ್ಲು."

ನಾಲ್ಕು ತಿಂಗಳು ಹೀಗೇ ಕಳೆಯಿತು. ಆಟಿಕೆ ಅಂಗಡಿಯ ಗಾಜಿನ ಹಿಂದೆ ಆ ಪುಟ್ಟ ಕಾರನ್ನು ಕಂಡಾಗ ಅವಳ ತಲೆಯಲ್ಲಿ ಮೊದಲು ಓಡಿದ್ದು ಲೆಕ್ಕ. ನಿಜವಾದ ರಸ್ತೆ ಅಪ್ಪನ ನೋಟದೊಳಗೆ ಹಿಡಿಸುವುದಿಲ್ಲ, ಸರಿ. ಆದರೆ ಇಪ್ಪತ್ತು ಮೀಟರ್ ದೂರ ನಿಂತರೆ ಇಡೀ ಪುಟ್ಟ ಟ್ರ್ಯಾಕು ಆ ಕೊಳವೆಯಲ್ಲಿ ಹಿಡಿಸುತ್ತದೆ! ಅಪ್ಪ ಮತ್ತೆ ಓಡಿಸಬಹುದು. ಬಿಡಿಭಾಗಗಳನ್ನು ಕೂತು ಜೋಡಿಸುವಂಥದ್ದೂ ಇತ್ತು, ಪೂರ್ತಿ ಸಿದ್ಧವಾಗಿ ಬರುವಂಥದ್ದೂ ಇತ್ತು. ಅವಳು ಸಿದ್ಧವಾದದ್ದನ್ನೇ ಕೊಂಡಳು. ಜೋಡಿಸಲು ಅಪ್ಪನಿಗೆ ಮನಸ್ಸಿರಲಿಲ್ಲ, ಅವಳಿಗೆ ತಾಳ್ಮೆಯಿರಲಿಲ್ಲ.

ಅಪ್ಪ ಡಬ್ಬದ ಚಿತ್ರ ನೋಡಿದರು. "ಕಾರು ಕಿತ್ಕೊಂಡು ಆಟದ ಸಾಮಾನು ಕೊಡ್ತೀಯಾ?" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹಾಗೆ ಅವಳು ಒಬ್ಬಳೇ ಆ ಕಾರ್ಖಾನೆಯ ಮುಂದೆ ಬಂದು ನಿಂತಿದ್ದಳು.

*

ಅವನು ಲಿಫ್ಟ್ ರಿಪೇರಿಯವನು. ಊರಿನ ಯಾವ ಕಟ್ಟಡದ ಲಿಫ್ಟ್ ಎಲ್ಲಿ ಕುಂಯ್‌ಗುಡುತ್ತದೆ ಎಂಬುದು ಅವನಿಗೆ ಬಾಯಿಪಾಠ. ಗುಂಪಿನವರೆಲ್ಲ ತಾವೇ ಜೋಡಿಸಿದ ಕಾರುಗಳನ್ನು ಹಸುಗೂಸಿನಂತೆ ಎತ್ತಿಕೊಂಡು ಬರುತ್ತಿದ್ದರೆ, ರೆಡಿಮೇಡ್ ಕಾರಿನವರು ಇವರಿಬ್ಬರೇ.

"ನೀವಂತೂ ಮೆಕ್ಯಾನಿಕ್. ನೀವ್ಯಾಕೆ ರೆಡಿಮೇಡ್ ತಗೊಂಡ್ರಿ?" ಎಂದು ಮೂರನೆಯ ಭಾನುವಾರ ಅವಳು ಕೇಳಿದಳು.

"ವಾರಪೂರ್ತಿ ಸ್ಕ್ರೂಡ್ರೈವರ್ ಹಿಡೀತೀನಿ. ಭಾನುವಾರಾನೂ ಹಿಡೀಬೇಕಾ?"

"ಅಷ್ಟೇನಾ?"

"ಇದರ ಮುಖ ನೋಡಿ ಸೋತೆ, ಅದೂ ಇದೆ."

"ಮುಖ ನೋಡಿ ಸೋಲೋ ಅಭ್ಯಾಸ ಇದೆಯಾ ನಿಮಗೆ?"

ಮುಂದಿನ ತಿರುವಿನಲ್ಲಿ ಅವನ ಕಾರು ನೆಟ್ಟಗೆ ಟೈರಿಗೆ ಗುದ್ದಿ ಪಲ್ಟಿ ಹೊಡೆಯಿತು. ಟೈಲರಮ್ಮ ಸ್ಟಾಪ್‌ವಾಚ್ ಒತ್ತಿ, "ಇವತ್ತು ಲಿಫ್ಟ್ ನಾಲ್ಕನೇ ಮಹಡಿಯಲ್ಲಿ ಸಿಕ್ಕಿಹಾಕ್ಕೊಂಡಿದೆ," ಎಂದರು.

ನಿಜ ಹೇಳಬೇಕೆಂದರೆ ಅವನು ಒಳ್ಳೆಯ ಡ್ರೈವರಲ್ಲ. ಮೊದಲ ದಿನ ಅವಳ ಕೈ ನೋಡಿ ಓಡಿಸಿದ್ದೇ ಅವನ ಬದುಕಿನ ಅತ್ಯುತ್ತಮ ಎರಡು ನಿಮಿಷ ಎಂದು ಅವನೇ ಒಪ್ಪಿಕೊಳ್ಳುತ್ತಿದ್ದ.

ಒಂದು ಬುಧವಾರ ಮಧ್ಯಾಹ್ನ ಅವನು ಕನ್ನಡಕದ ಅಂಗಡಿಗೇ ಬಂದ. ವೈರಿನ ಮೇಲಿನ ಸಣ್ಣ ನಂಬರುಗಳು ಅಲುಕಾಡುತ್ತವೆ, ಕೈ ಚಾಚಿ ದೂರ ಹಿಡಿದರೆ ಮಾತ್ರ ಸರಿ ಎಂದ.

"ಚಾಳೀಸು," ಎಂದಳು ಅವಳು.

"ನಂಗಿನ್ನೂ ಮೂವತ್ತೆಂಟು!"

"ಅದಕ್ಕೆ ನಿಮ್ಮ ಜಾತಕ ಬೇಕಿಲ್ಲ. ಗಲ್ಲ ಇಲ್ಲಿಡಿ."

ಪರೀಕ್ಷೆಯ ಕೋಣೆ ಎಂದರೆ ಕಿಟಕಿಯಿಲ್ಲದ ಒಂದು ಗೂಡು. ದೀಪ ಆರಿಸಿ, ಪುಟ್ಟ ಟಾರ್ಚಿನೊಂದಿಗೆ ಅವಳು ಅವನ ಕಣ್ಣಿನೊಳಗೆ ನೋಡಬೇಕು. ದಿನಕ್ಕೆ ಇಪ್ಪತ್ತು ಜನರಿಗೆ ಮಾಡುವ ಕೆಲಸ. ಇಪ್ಪತ್ತು ಜನರ ಉಸಿರು ಹೀಗೆ ಕೆನ್ನೆಗೆ ತಾಗಿದಾಗಲೂ ಅವಳು ಎಂದೂ ತನ್ನ ಉಸಿರನ್ನು ಎಣಿಸಿದವಳಲ್ಲ.

"ನನ್ನ ಕಿವಿಯ ಕಡೆ ನೋಡಿ," ಎಂದಳು.

"ನೋಡ್ತಿದ್ದೀನಿ."

"ಕಿವಿಯ ಕಡೆ ಅಂದೆ."

"ಓಲೆ ಅಲ್ಲಾಡ್ತಿದೆ. ಗಾಳಿ ಇಲ್ವಲ್ಲ ಇಲ್ಲಿ?"

"ಮಾತಾಡಿದ್ರೆ ಕಣ್ಣು ಅಲ್ಲಾಡುತ್ತೆ. ಸುಮ್ನಿರಿ."

ಆ ಕಣ್ಣೊಳಗೆ ಎಲ್ಲ ಸರಿಯಾಗಿತ್ತು. ಆದರೂ ಅವಳು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದಳು. ಅದು ಅವನಿಗೂ ತಿಳಿಯಿತು. ಅವನಿಗೆ ತಿಳಿಯಿತೆಂದು ಅವಳಿಗೂ ತಿಳಿಯಿತು.

ದೀಪ ಹಾಕಿದ ಮೇಲೆ ಅವನು ಮೆಲ್ಲಗೆ ಕೇಳಿದ: "ಎಲ್ಲರ ಕಣ್ಣೂ ಇಷ್ಟು ಜೋಪಾನವಾಗಿ ನೋಡೋರು ನೀವು. ನಿಮ್ಮ ಕಣ್ಣು ಯಾಕೆ ಯಾವಾಗಲೂ ಅತ್ತ ಹಾಗಿರುತ್ತೆ?"

ಅವಳು ಹೇಳಿದಳು. ಅಪ್ಪ, ಪಕ್ಕದ ನೋಟ, ವರದಿ, ನೀಲಿ ಕಾರು, ಐದು ತಿಂಗಳ ಮೌನ, ಎಲ್ಲ. ಅವನು ಅಡ್ಡಬಾಯಿ ಹಾಕದೆ ಕೇಳಿದ. ಕೊನೆಗೆ, "ನಿಮ್ಮ ತಂದೆ... ಪಾಠ ಹೇಳುವಾಗ ಡ್ಯಾಶ್‌ಬೋರ್ಡಿಗೆ ಉಂಗುರದಿಂದ ಟಕ್ ಟಕ್ ಅಂತ ಹೊಡೀತಿದ್ರಾ?" ಎಂದ.

"ನಿಮಗೆ ಹೇಗೆ ಗೊತ್ತು?"

"ಮೂರು ಸಲ ಫೇಲಾದೆ ನಾನು. ನಾಲ್ಕನೇ ಸಲ ಪಾಸಾದ ದಿನ ಮೇಷ್ಟ್ರು ತಮ್ಮ ನೀಲಿ ಕಾರಲ್ಲಿ ಕೂರಿಸ್ಕೊಂಡು ಊರೆಲ್ಲ ಸುತ್ತಿಸಿದ್ರು. ಆ ಕಾರಿನ ಮುಖ ಮರೆಯೋಕೆ ಆಗಲೇ ಇಲ್ಲ." ಅವನು ಎದ್ದು ನಿಂತ. "ಶನಿವಾರ ಸಂಜೆ ಅವರು ಬಾಲ್ಕನಿಯಲ್ಲಿ ಕೂತಿರ್ತಾರಾ?"

*

ಶನಿವಾರ ಸಂಜೆ ಐದಕ್ಕೆ ಅವನು ಅವರ ಕಟ್ಟಡದ ಅಂಗಳದಲ್ಲಿ ನಾಲ್ಕು ಇಟ್ಟಿಗೆ ಇಟ್ಟು ಕಾರು ಓಡಿಸತೊಡಗಿದ. ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಅಪ್ಪ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಅವಳು ಒಣಗಿದ ಬಟ್ಟೆ ಮಡಿಸುವ ನೆಪದಲ್ಲಿ ಬಾಗಿಲ ಹಿಂದೆ ನಿಂತಿದ್ದಳು.

ಕೆಳಗಿನಿಂದ ಮೋಟರಿನ ಗುಂಯ್ ಸದ್ದು. ಆಮೇಲೆ ಇಟ್ಟಿಗೆಗೆ ಗುದ್ದಿದ ಸದ್ದು. ಮತ್ತೆ ಗುಂಯ್, ಮತ್ತೆ ಗುದ್ದು. ಅಪ್ಪ ಕತ್ತು ಚಾಚಿದರು. ಕಣ್ಣು ಕಿರಿದು ಮಾಡಿ ಹುಡುಕಿದರು. ಸಿಕ್ಕಿತು. ಅಂಗಳ, ಇಟ್ಟಿಗೆ, ಕಡುನೀಲಿ ಕಾರು, ಮೂರೂ ಅವರ ಕೊಳವೆಯೊಳಗೆ ಒಟ್ಟಿಗೆ ಬಂದವು. ಮೂರನೆಯ ಗುದ್ದಿಗೆ ಅವರ ಕಾಲು ಕುರ್ಚಿಯ ಕೆಳಗೆ ಇಲ್ಲದ ಬ್ರೇಕನ್ನು ತುಳಿಯಿತು. ನಾಲ್ಕನೆಯದಕ್ಕೆ ಅವರು ಎದ್ದೇ ನಿಂತರು.

"ಬ್ರೇಕ್ ಮೊದಲು! ತಿರುಗಿಸೋದು ಆಮೇಲೆ!"

ಕಟ್ಟಡದ ನಾಲ್ಕು ಕಿಟಕಿ ತೆರೆದುಕೊಂಡವು.

"ಹೀಗಾ ಮೇಷ್ಟ್ರೇ?" ಎಂದು ಕೆಳಗಿನವನು ಮತ್ತೆ ಗುದ್ದಿದ.

"ಅಯ್ಯೋ ಪೆದ್ದೇ! ತಿರುವಿನೊಳಗೆ ಹೋಗಿ ಬ್ರೇಕ್ ಹಾಕೋನು ನನ್ನ ನಲವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಇದ್ದ..." ಅಪ್ಪ ತಟ್ಟನೆ ನಿಂತರು. ಕಂಬಿ ಹಿಡಿದು ಬಗ್ಗಿದರು. "ಲೋ, ನೀನಾ? ಮೂರು ಸಲ ಫೇಲಾದೋನು?"

"ನಾನೇ ಮೇಷ್ಟ್ರೇ!"

"ಅಲ್ಲೇ ಇರು. ಕೈ ಇಡಬೇಡ ಅದರ ಮೇಲೆ. ಬಂದೆ."

ಅಪ್ಪ ಚಪ್ಪಲಿ ಹುಡುಕಿದರು. ಐದು ತಿಂಗಳ ನಂತರ ಅವರು ಯಾರೂ ಕರೆಯದೆಯೇ ಮನೆಯಿಂದ ಹೊರಗೆ ಕಾಲಿಡುತ್ತಿದ್ದರು. ಮಡಿಸಿದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅವಳು ಸ್ವಲ್ಪ ಹೊತ್ತು ಹಾಗೇ ನಿಂತಳು.

ಆಮೇಲಿನ ಭಾನುವಾರಗಳು ಹಬ್ಬದಂತಿದ್ದವು. ಅಪ್ಪ ಅವಳು ಅವನಿಂದ ಹೇಳಿಸಿದಂತೆ ಇಪ್ಪತ್ತು ಮೀಟರ್ ದೂರದಲ್ಲಿ ನಿಂತು ಓಡಿಸಿದರು. ಮೊದಲ ದಿನ ಬೆರಳು ತಡವರಿಸಿತು. ಎರಡನೆಯ ವಾರಕ್ಕೆ ಜೋಡಿಸಿ ತಂದವರನ್ನೆಲ್ಲ ಹಿಂದೆ ಹಾಕಿದರು. ಟೈಲರಮ್ಮ ಸ್ಟಾಪ್‌ವಾಚನ್ನು ಕಿವಿಗೆ ಹಿಡಿದು, ಕೆಟ್ಟಿದೆಯೇನೋ ಎಂದು ನೋಡಿದರು.

ಒಂದೇ ಕೊರಗು. ಅಪ್ಪ ಎಲ್ಲರೊಡನೆ ಮಾತಾಡುತ್ತಿದ್ದರು, ಅವಳೊಬ್ಬಳನ್ನು ಬಿಟ್ಟು. "ಅವಳಿಗೆ ಬ್ಯಾಟರಿ ತರೋಕೆ ಹೇಳಪ್ಪ," ಎಂದು ಅವನಿಗೆ ಹೇಳುವರು. ಅವನು ಎರಡು ಮಾರು ದೂರದಲ್ಲಿದ್ದ ಅವಳತ್ತ ತಿರುಗಿ, "ಮೇಷ್ಟ್ರು ಬ್ಯಾಟರಿ ಕೇಳ್ತಿದ್ದಾರೆ," ಎನ್ನುವನು. ಅವಳು ಕೊಡುವಳು. ಬ್ಯಾಟರಿ ಕೈ ಬದಲಾಗುವಾಗ ಅವನ ಬೆರಳು ಅವಳ ಬೆರಳ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. "ತಾಳಿ. ಕರಗ್ತಾರೆ," ಎಂದು ಆ ಬೆರಳು ಹೇಳುತ್ತಿತ್ತು. ಬೇರೇನೋ ಕೂಡ ಹೇಳುತ್ತಿತ್ತು.

"ಮುಂದಿನ ಭಾನುವಾರ ನಿಮ್ಮ ಹತ್ರ ಒಂದು ಮಾತು ಹೇಳೋದಿದೆ," ಎಂದ ಅವನು ಒಂದು ದಿನ.

"ಇವತ್ತೇ ಹೇಳಿ."

"ಇವತ್ತು ಉಗುರಲ್ಲಿ ಗ್ರೀಸಿದೆ. ಕ್ಲೀನಾಗಿ ಬಂದು ಹೇಳ್ತೀನಿ."

ಆ ವಾರವೆಲ್ಲ ಅವಳು ಗಿರಾಕಿಗಳಿಗೆ ಎಡಗಣ್ಣು ಮುಚ್ಚಿ ಎನ್ನುವಲ್ಲಿ ಬಲಗಣ್ಣು ಮುಚ್ಚಿ ಎಂದಳು.

*

ಆ ಭಾನುವಾರ ಅಪ್ಪ ಅವಳಿಗಿಂತ ಒಂದು ಗಂಟೆ ಮೊದಲೇ ಅವನೊಡನೆ ಹೊರಟುಹೋಗಿದ್ದರು. ಅವಳು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಅದು ತುಂಬಾ ಆಯಿತೆಂದು ಬದಲಾಯಿಸಿ, ಮತ್ತೆ ಅದನ್ನೇ ಉಟ್ಟು ಬಂದಳು. ಗುಂಪಿನವರು ಇನ್ನೂ ಬಂದಿರಲಿಲ್ಲ, ಕಾರ್ಖಾನೆಯ ಗೇಟು ಒಳಗಿನಿಂದ ಹಾಕಿತ್ತು. ಕಂಬಿಯ ಸಂದಿಯಿಂದ ನೋಡಿದಳು.

ಒಳಗೆ ನಿಜವಾದ ಕಾರು. ಡ್ರೈವಿಂಗ್ ಸ್ಕೂಲಿನ ಪುಟ್ಟ ಬಿಳಿ ಕಾರು. ಸ್ಟೀರಿಂಗ್ ಹಿಡಿದು ಕೂತಿದ್ದವರು ಅಪ್ಪ. ಪಕ್ಕದಲ್ಲಿ ಅವನು. ಕಾರಿನ ಮೂತಿಯ ಎಡಕ್ಕೆ, ಒಂದು ಗೇಣು ದೂರದಲ್ಲಿ, ಟೈಲರಮ್ಮನ ಖಾಲಿ ಕುರ್ಚಿ.

ಅವಳು ಎರಡೂ ಕೈಯಿಂದ ಗೇಟು ಬಡಿದಳು. ಅವನು ಓಡಿಬಂದು ತೆಗೆದ.

"ಏನಿದು?"

"ಪಾಠದ ಕಾರು ಇದು, ನನ್ನ ಕಾಲ ಹತ್ರಾನೂ ಬ್ರೇಕಿದೆ. ಒಳಗೆ ಯಾರೂ ಇಲ್ಲ, ಗೇಟು ಹಾಕಿ..."

"ನಾನು ಕೇಳಿದ್ದು ಅದಲ್ಲ. ನನಗೆ ಹೇಳದೆ?"

ಅವನು ತಲೆ ತಗ್ಗಿಸಿದ.

"ಇದನ್ನ ಬೇಡ ಅಂದಿದ್ದಕ್ಕೆ ನಾನು ಆರು ತಿಂಗಳು ಅಪ್ಪನ ಮಾತು ಕಳ್ಕೊಂಡೆ. ನೀವು ಒಂದು ಬೆಳಿಗ್ಗೆಯಲ್ಲಿ ಹೂಂ ಅಂದು ಒಳ್ಳೆಯವರಾಗಿಬಿಟ್ರಿ. ನಾನು ಕೆಟ್ಟೋಳಾಗೇ ಉಳ್ಕೊಂಡೆ." ದನಿ ಒಡೆಯಿತು. "ನೀವಾದರೂ ನನ್ನ ಕಡೆ ಇದ್ದೀರಿ ಅಂದ್ಕೊಂಡಿದ್ದೆ."

"ತಪ್ಪಾಯ್ತು. ನಾನು..."

"ಏನೂ ಹೇಳಬೇಡಿ."

ಅಪ್ಪ ಕಾರಿನಿಂದ ಇಳಿದಿದ್ದರು. ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತ ನಿಂತಿದ್ದರು. ಅವಳು ಅವರ ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅಪ್ಪ ಆ ಹಿಡಿತವನ್ನು ಬಿಡಿಸಿಕೊಳ್ಳಲಿಲ್ಲ. ಕೋಪದಲ್ಲಿ ಅವಳಿಗೆ ಅದು ಗಮನಕ್ಕೂ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಎದ್ದು ಬಂದಾಗ ಅಡುಗೆಮನೆಯಲ್ಲಿ ಅಪ್ಪ ಚಹಾ ಸೋಸುತ್ತಿದ್ದರು. ಅರ್ಧ ಲೋಟಕ್ಕೆ, ಅರ್ಧ ಕಟ್ಟೆಗೆ. ಲೋಟದ ಅಂಚು ಅವರ ಕೊಳವೆಯಿಂದ ಹೊರಗೆ ಉಳಿದಿತ್ತು.

"ಕೂತ್ಕೊ," ಎಂದರು.

ಅವಳು ಕೂತಳು.

"ನಿನ್ನೆ ಅವನು ಬ್ರೇಕ್ ಹಾಕಿದ. ನಂಗೆ ಸಿಟ್ಟು ಬಂತು. ಚೆನ್ನಾಗೇ ಹೋಗ್ತಿದ್ದೆ, ಯಾಕೋ ಹಾಕಿದೆ ಅಂದೆ. ಮೇಷ್ಟ್ರೇ, ಕುರ್ಚಿ ಅಂದ." ಅಪ್ಪ ಸೋಸಣಿಗೆಯನ್ನು ಕಟ್ಟೆಯ ಮೇಲಿಟ್ಟು ಅವಳೆದುರು ಕೂತರು. "ಯಾವ ಕುರ್ಚಿ ಅಂತ ಕೇಳಿದೆ ಮಗಳೇ. ನಾನು ಯಾವ ಕುರ್ಚಿ ಅಂತ ಕೇಳಿದೆ."

ಅವಳು ಅಪ್ಪನ ಹತ್ತಿರಕ್ಕೆ ಸರಿದಳು.

"ಕುರ್ಚಿಯಲ್ಲಿ ಯಾರಾದ್ರೂ ಕೂತಿದ್ದಿದ್ರೆ? ರಸ್ತೆಯಲ್ಲಿ ಯಾರದ್ದಾದ್ರೂ ಮಗು ಆಗಿದ್ದಿದ್ರೆ? ನೀನು ಬರೆದದ್ದು ಸುಳ್ಳು ಅಂತ ಆರು ತಿಂಗಳು ಹಲ್ಲು ಕಚ್ಚಿ ನಂಬ್ಕೊಂಡಿದ್ದೆ. ಒಂದು ಸಲ ಸ್ಟೀರಿಂಗ್ ಹಿಡಿದು ನಿಂಗೆ ತೋರಿಸಿಬಿಡ್ತೀನಿ ಅಂತ ಹಟ." ಅವರು ಕೈ ಚಾಚಿದರು. ಮಗಳ ತಲೆ ಸಿಗುವ ಮೊದಲು ಅದು ಗಾಳಿಯಲ್ಲಿ ಸ್ವಲ್ಪ ಹುಡುಕಿತು. "ನಂದು ತಪ್ಪಾಯ್ತಮ್ಮ. ನೀನು ಬರೀದೇ ಇದ್ದಿದ್ರೆ ನಾನು ಯಾರನ್ನೋ ಕೊಂದಿರ್ತಿದ್ದೆ."

ಅವಳು ಅಪ್ಪನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. ಚಹಾ ಆರಿತು. ಅಪ್ಪ ಮತ್ತೆ ಕಾಯಿಸಿದರು, ಈ ಸಲ ಅವಳು ಸೋಸಿದಳು.

"ಇನ್ನೊಂದು ಮಾತು," ಎಂದರು ಅಪ್ಪ, ಮೂಗು ಒರೆಸಿಕೊಂಡು. "ಅವನನ್ನ ಬೈಬೇಡ. ಮೂರು ವಾರ ಕಾಡಿದೀನಿ ನಾನು. ಮಗಳಿಗೆ ಹೇಳಿ ಮಾಡೋಣ ಅಂತ ಪ್ರತಿ ಸಲಾನೂ ಅಂದ. ಹೇಳಿದ್ರೆ ನಾನಿನ್ನು ಟ್ರ್ಯಾಕಿಗೇ ಬರಲ್ಲ ಅಂತ ಹೆದರಿಸಿದೆ. ನಾನು ಮತ್ತೆ ಮನೆಯೊಳಗೆ ಸೇರ್ಕೊಂಡುಬಿಟ್ರೆ ನೀನು ಸೊರಗಿ ಹೋಗ್ತೀಯ ಅಂತ ಅವನಿಗೆ ಭಯ."

"ಆದ್ರೂ ಹೇಳಬೇಕಿತ್ತು ಅಪ್ಪ."

"ಹೇಳಬೇಕಿತ್ತು. ಪೆದ್ದ. ಕಲಿಯೋದು ನಿಧಾನ. ಆದ್ರೆ ಒಂದು ಸಲ ಕಲಿತದ್ದನ್ನ ಬಿಡೋನಲ್ಲ." ಅಪ್ಪ ಲೋಟ ಕೆಳಗಿಟ್ಟರು. "ಅವನು ನಿನ್ನೆ ಉಗುರೆಲ್ಲ ತಿಕ್ಕಿ ತಿಕ್ಕಿ ತೊಳ್ಕೊಂಡು ಬಂದಿದ್ದ. ನಂಗೆ ಕಾಣೋದೇ ಇಷ್ಟಗಲ. ಆದ್ರೂ ಕಾಣ್ತು."

*

ಅವಳು ಅಂಗಡಿಗೆ ಅರ್ಧ ದಿನ ರಜೆ ಹೇಳಿದಳು. ಅವನು ಎಲ್ಲಿ ಸಿಗುತ್ತಾನೆಂದು ಟೈಲರಮ್ಮನಿಗೆ ಫೋನ್ ಮಾಡಿದರೆ, "ನಮ್ಮ ಅಂಗಡಿಯ ಕಟ್ಟಡದಲ್ಲೇ ಇದ್ದಾನೆ ಕಣಮ್ಮ. ಬೆಳಗಿನಿಂದ ಲಿಫ್ಟ್ ನಿಲ್ಲಿಸಿ ಕೂತಿದ್ದಾನೆ. ರಿಪೇರಿ ಮಾಡ್ತಿದ್ದಾನೋ, ಅದರ ಹತ್ರ ಕಷ್ಟ ಹೇಳ್ಕೊಳ್ತಿದ್ದಾನೋ, ಗೊತ್ತಿಲ್ಲ," ಎಂದರು.

ಅವಳು ಮೂರು ಮಹಡಿ ಹತ್ತಿದಳು. ಲಿಫ್ಟಿನ ಬಾಗಿಲು ತೆರೆದಿತ್ತು, ಅಡ್ಡಕ್ಕೆ ಹಳದಿ ಪಟ್ಟಿ. ಒಳಗೆ ಲಿಫ್ಟ್ ಇರಲಿಲ್ಲ. ಬಗ್ಗಿ ನೋಡಿದರೆ, ಅದರ ನೆತ್ತಿ ಅರ್ಧ ಮಹಡಿ ಕೆಳಗಿತ್ತು. ಅದರ ಮೇಲೆ, ಸೊಂಟಕ್ಕೆ ಬೆಲ್ಟು ಬಿಗಿದು ಅವನು ನಿಂತಿದ್ದ. ಅವನ ತಲೆ ಸರಿಯಾಗಿ ಅವಳ ಮೊಣಕಾಲ ಮಟ್ಟಕ್ಕಿತ್ತು. ಮೂಗಿನ ತುದಿಯಲ್ಲಿ ಹೊಸ ಚಾಳೀಸಿನ ಕನ್ನಡಕ.

ಅವನು ಮೊದಲು ಚಪ್ಪಲಿ ನೋಡಿದ. ಆಮೇಲೆ ಮುಖ.

"ಅಲ್ಲೇ ನಿಲ್ಲಿ," ಎಂದ ಗಾಬರಿಯಿಂದ. "ಪಟ್ಟಿ ದಾಟಬೇಡಿ. ಬೀಳ್ತೀರ."

ಅವಳು ಪಟ್ಟಿಯ ಈಚೆಗೆ ನೆಲದ ಮೇಲೆಯೇ ಕೂತುಬಿಟ್ಟಳು. ಈಗ ಮುಖಕ್ಕೆ ಮುಖ ಬಂತು.

"ಅಪ್ಪ ಮಾತಾಡಿದ್ರು," ಎಂದಳು.

ಅವನ ಮುಖ ಅರಳಿತು. ಮರುಕ್ಷಣ ಬಾಡಿತು. "ಆದ್ರೂ ನಾನು ನಿಮ್ಮನ್ನ ಕೇಳಬೇಕಿತ್ತು. ಅವರು ಏನೇ ಅಂದಿದ್ರೂ. ರಾತ್ರಿಯೆಲ್ಲ ಅದೇ ತಲೆಯಲ್ಲಿ. ಇನ್ನು ಮೇಲೆ ನಿಮಗೆ ಗೊತ್ತಿಲ್ಲದೆ..." ಅವನು ನಿಲ್ಲಿಸಿದ. "ಇನ್ನು ಮೇಲೆ ಅನ್ನೋದೊಂದು ಇದೆಯಾ?"

"ಮೊದಲು ನೀವು ಭಾನುವಾರ ಹೇಳೋದಿತ್ತಲ್ಲ, ಅದನ್ನ ಹೇಳಿ."

"ಈಗಾ? ಇಲ್ಲಾ?" ಅವನು ತನ್ನ ಕೈ ನೋಡಿಕೊಂಡ. ಮೊಣಕೈವರೆಗೂ ಗ್ರೀಸು. "ನಿನ್ನೆ ಎಷ್ಟು ಚೆನ್ನಾಗಿ ತೊಳ್ಕೊಂಡಿದ್ದೆ ಗೊತ್ತಾ?"

"ಗೊತ್ತು. ಹೇಳಿ."

"ಕಟ್ಟಡದಲ್ಲಿ ಜನ ಎಲ್ಲ ಮೆಟ್ಟಿಲಲ್ಲೇ ಓಡಾಡ್ತಿದ್ದಾರೆ."

"ಓಡಾಡಲಿ. ಹೇಳಿ."

ಅವನು ಸ್ಪ್ಯಾನರ್ ಕೆಳಗಿಟ್ಟ. ಕನ್ನಡಕ ತೆಗೆದ. ಆಮೇಲೆ, ಹತ್ತಿರದ ಮುಖ ಸರಿಯಾಗಿ ಕಾಣಲೆಂದು, ಮತ್ತೆ ಹಾಕಿಕೊಂಡ.

"ನಂಗೆ ಚೆಂದ ಮಾತಾಡೋಕೆ ಬರಲ್ಲ," ಎಂದ. "ಬೆಳಿಗ್ಗೆ ಎದ್ದ ತಕ್ಷಣ ನಿಮಗೆ ಏನೋ ಹೇಳಬೇಕು ಅನ್ಸುತ್ತೆ. ಏನೂ ಇರಲ್ಲ ಹೇಳೋಕೆ. ತಿಂಡಿ ಏನು ತಿಂದೆ, ಯಾವ ಲಿಫ್ಟ್ ಕೆಟ್ಟಿದೆ, ಅಷ್ಟೇ. ಅದನ್ನೆಲ್ಲ ದಿನಾ ಕೇಳಿಸ್ಕೊಳ್ಳೋಕೆ ನಿಮಗೆ ಆಗುತ್ತಾ? ನಂಜೊತೆ ಒಂದೇ ಮನೇಲಿ ಇದ್ಕೊಂಡು? ಮೇಷ್ಟ್ರೂ ಜೊತೆಗೇ, ಅದನ್ನ ಕೇಳೋದೇ ಬೇಡ. ಅವರಿಲ್ಲದೆ ನನ್ನನ್ನ ಬೈಯೋರು ಯಾರು?"

ಅವಳು ಪಟ್ಟಿಯ ಕೆಳಗಿನಿಂದ ಕೈ ಚಾಚಿ ಅವನ ಕೈ ಹಿಡಿದಳು. ಅವನು ಗ್ರೀಸು ಗ್ರೀಸು ಎಂದು ಹಿಂದೆಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಯಾವ ಲಿಫ್ಟ್ ಕೆಟ್ಟಿದೆ ಅನ್ನೋದನ್ನ ಮೊದಲು ಹೇಳಿ," ಎಂದಳು. "ತಿಂಡಿ ವಿಷಯ ಒಟ್ಟಿಗೆ ಕೂತು ತಿಂದ ಮೇಲೆ ಹೇಳೋದೇನಿರುತ್ತೆ?"

ಅದು ಉತ್ತರವೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕಲಿಯುವುದು ನಿಧಾನ ಎಂದು ಅಪ್ಪ ಸುಮ್ಮನೆ ಹೇಳಿರಲಿಲ್ಲ. ತಿಳಿದಾಗ ಅವನ ಕಣ್ಣು ತುಂಬಿ, ಹೊಸ ಕನ್ನಡಕದ ಮೇಲೆ ಮಂಜು ಕವಿಯಿತು. ಅವಳು ಸೆರಗಿನ ತುದಿಯಿಂದ, ವೃತ್ತಿಯವರ ಕೈಚಳಕದಲ್ಲಿ, ಎರಡೂ ಗಾಜು ಒರೆಸಿದಳು.

ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿಸಿತು. ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ತಿರುವಿನಲ್ಲಿ ಕಾಣಿಸಿಕೊಂಡರು. ನೆಲದ ಮೇಲೆ ಕೂತ ಹೆಂಗಸು, ನೆಲದಿಂದ ಮೇಲೆ ಬಂದ ಗಂಡಿನ ತಲೆ, ಹಿಡಿದ ಕೈ, ಎಲ್ಲವನ್ನೂ ನೋಡಿದರು.

"ಲಿಫ್ಟ್ ಸರಿಹೋಗೋಕೆ ಇನ್ನೆಷ್ಟು ಹೊತ್ತಪ್ಪಾ?"

"ಐದೇ ನಿಮಿಷ ಅಜ್ಜಿ," ಎಂದ ಅವನು, ಕೈ ಬಿಡದೆ.

ಅಜ್ಜಿ ಚೀಲಗಳನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಆರಾಮಾಗಿ ಕೂತರು. "ಹತ್ತಾದ್ರೂ ಆಗಲಿ ಬಿಡು," ಎಂದು ಮುಖ ಅತ್ತ ತಿರುಗಿಸಿಕೊಂಡರು. "ನಂಗೇನೂ ಅವಸರ ಇಲ್ಲ."